ಸಿದ್ಧಮಲ್ಲಪ್ಪನ ಅಂಟಿನ ದಂಡಯಾತ್ರೆ

ಮೊದಲಿಗೆ ಅಂಟಿಗೆ ಶರಣು. ಅಣುವನ್ನು ಅಣುವಿಗೂ, ಸುಣ್ಣವನ್ನು ಗೋಡೆಗೂ, ಅಂಚೆಚೀಟಿಯನ್ನು ಲಕೋಟೆಗೂ, ಗಂಡನನ್ನು ಹೆಂಡತಿಗೂ ಬಿಡದಂತೆ ಹಿಡಿದಿಟ್ಟು ಈ ಚತುರ್ದಶ ಭುವನಗಳು ಕಳಚಿ ಬೀಳದ ಹಾಗೆ ಕಾಯುತ್ತಿರುವ, ನಿರಾಕಾರವೂ ನಿರ್ವರ್ಣವೂ ಕೆಲವೊಮ್ಮೆ ದುರ್ಗಂಧಯುಕ್ತವೂ ಆದ ಆ ಪರಮತತ್ತ್ವವು, ಈ ಕಥೆ ಮುಗಿಯುವ ತನಕ ನನ್ನ ನಾಲಿಗೆಯನ್ನು ಮಾತ್ರ ಅಂಗುಳಕ್ಕೆ ಅಂಟಿಸದೆ ಇರಲಿ.

ಕಲಿಯುಗದಲ್ಲಿ, ಧರ್ಮವು ಒಂಟಿಕಾಲಲ್ಲಿ ಕುಂಟುತ್ತಿದ್ದಾಗ, ಒಂದೇ ಸೂರಿನ ಕೆಳಗೆ ಒಂದೇ ಊಟದ ಮೇಜು ಎರಡು ರಾಜ್ಯಗಳಾಗಿ ಒಡೆದು ನಿಂತಿದ್ದಾಗ, ಕಾವೇರೀತೀರದ ಕುಶಾಲನಗರದಲ್ಲಿ ಒಬ್ಬ ವೀರನಿದ್ದನು. ನಾಲಾಜಲಪ್ರಮಾಣಪರೀಕ್ಷಕನೂ, ನಿವೃತ್ತಿವೇತನಭೂಷಿತನೂ, ಸಮೀಪಕ್ಕೊಂದು ದೂರಕ್ಕೊಂದು ಎಂದು ಕನ್ನಡಕದ್ವಯಧಾರಿಯೂ, ಸೂಕ್ಷ್ಮಸೂತ್ರಬಂಧನನಿಪುಣನೂ, ಮತ್ಸ್ಯಮೋಹನಮಕ್ಷಿಕಾಶಿಲ್ಪಿಯೂ ಆದ ಅವನ ಹೆಸರು ಸಿದ್ಧಮಲ್ಲಪ್ಪ. ಬಿರುದುಗಳನ್ನು ಬಿಡಿಸಿ ಹೇಳುವುದಾದರೆ, ನೀರಾವರಿಯಲ್ಲಿ ಇಂಜಿನಿಯರಾಗಿದ್ದು ರಿಟೈರಾದ ಮನುಷ್ಯ. ಗಾಳದ ಕೊಕ್ಕೆಗೆ ಕೋಳಿಪುಕ್ಕ, ರೇಷ್ಮೆದಾರ ಸುತ್ತಿ, ಮೀನು ನೋಡಿದರೆ ನಿಜವೆಂದೇ ನಂಬಿ ಬಾಯಿ ಹಾಕುವಂಥ ಹುಸಿನೊಣ ಕಟ್ಟುವುದು ಅವನಿಗೆ ಹಿಡಿದಿದ್ದ ಹುಚ್ಚು. ಈ ವಿದ್ಯೆಯನ್ನು ಅವನಿಗೆ ಕಲಿಸಿದವನು ಕಾಫಿತೋಟದ ಒಬ್ಬ ಹಳೆಯ ಮ್ಯಾನೇಜರ್. ಊರು ಬಿಡುವಾಗ ಅವನು ಕೊಕ್ಕೆಯನ್ನು ಕಚ್ಚಿ ಹಿಡಿಯುವ ಪುಟ್ಟ ವೈಸನ್ನೂ, ಕೊಕ್ಕೆಯ ತಲೆಗೆ ಬಳಿಯುವ ವಿಲಾಯಿತಿ ಅಂಟಿನ ಒಂದು ಕುಪ್ಪಿಯನ್ನೂ ಇವನ ಕೈಗಿತ್ತು ಹೋಗಿದ್ದನು.

ಇನ್ನು ವೀರನ ಮನೆಯೋ, ಮೊಟ್ಟೆಯ ನೆರಳೂ ಬೀಳದ ಲಿಂಗಾಯತರ ಮನೆ. ಹಾಗಾಗಿ ಹಿಡಿದ ಮೀನನ್ನು ಮೃದುವಾಗಿ ಕೊಕ್ಕೆಯಿಂದ ಬಿಡಿಸಿ, ಕ್ಷಮೆ ಕೇಳಿ, ಮತ್ತೆ ಕಾವೇರಿಗೇ ಒಪ್ಪಿಸತಕ್ಕದ್ದೆಂದು ಅವನು ಕಠೋರ ವ್ರತ ತೊಟ್ಟಿದ್ದನು. ಆ ವ್ರತಕ್ಕೆ ಒಮ್ಮೆಯೂ ಭಂಗ ಬಂದಿರಲಿಲ್ಲ. ಬರುವುದಾದರೂ ಹೇಗೆ ಹೇಳಿ, ಇಷ್ಟು ವರ್ಷಗಳಲ್ಲಿ ಒಂದು ಮೀನೂ ಅವನ ನೊಣಕ್ಕೆ ಬಾಯಿ ಹಾಕಿರಲಿಲ್ಲ.

ಅವನ ರಾಜ್ಯವೆಂದರೆ ಊಟದ ಮೇಜಿನ ಪೂರ್ವಾರ್ಧ. ಕಿಟಕಿಯ ಬೆಳಕು ಬೀಳುವ, ಅಡುಗೆಮನೆಯ ಬಾಗಿಲಿಗೆ ಎದುರಾಗಿರುವ ಆ ಭೂಭಾಗದಲ್ಲಿ ವೈಸು ಸ್ಥಾಪಿತವಾಗಿತ್ತು. ಸುತ್ತ ಹುಂಜದ ಕುತ್ತಿಗೆಯ ಪುಕ್ಕ, ಗಿನಿಕೋಳಿಯ ಚುಕ್ಕಿಪುಕ್ಕ, ಮೊಲದ ತುಪ್ಪಳ, ದಾರದ ಉಂಡೆ. ಪಶ್ಚಿಮಾರ್ಧವನ್ನು ಆಳುತ್ತಿದ್ದವಳು ಅವನ ಧರ್ಮಪತ್ನಿ, ಉಪ್ಪಿನಕಾಯಿಜಾಡಿಪರಿವೃತೆ, ಒಗ್ಗರಣಾಧೂಮಮಧ್ಯವಿರಾಜಿತೆ ಸರ್ವಮಂಗಳಮ್ಮ. ಗಡಿಯಲ್ಲಿ ಒಂದು ಉಪ್ಪಿನ ಡಬ್ಬಿ ಇತ್ತು. ಪುಕ್ಕಗಳಿಗೆ ಗಡಿಯೆಂದರೆ ಏನೆಂದು ಗೊತ್ತಿರಲಿಲ್ಲ, ಫ್ಯಾನ್ ಹಾಕಿದಾಗಲೆಲ್ಲ ಅವು ದಂಡೆತ್ತಿ ಬರುತ್ತಿದ್ದವು.

ಯುದ್ಧ ಘೋಷಣೆಯಾದದ್ದು ಒಂದು ಶುಕ್ರವಾರ, ಬೆಳಗಿನ ಕಾಫಿಯ ಹೊತ್ತಿಗೆ.

"ಸೋಮವಾರ ಬೀಗರು ಊಟಕ್ಕೆ ಬರ್ತಿದಾರೆ," ಎಂದಳು ಸರ್ವಮಂಗಳಮ್ಮ. "ಹೋದ್ಸಲ ಏನಾಯ್ತು ಅಂತ ನೆನಪಿದೆಯಾ ನಿಮಗೆ?"

"ಏನಾಯ್ತು?"

"ಪಾಯಸದಲ್ಲಿ ಪುಕ್ಕ ಇತ್ತು. ಕೆಂಪು ಪುಕ್ಕ. ಬೀಗರು ಕೇಸರಿ ಎಸಳು ಅಂದ್ಕೊಂಡು ಚಪ್ಪರಿಸಿಕೊಂಡು ತಿಂದ್ರು. ತಿಂದು, ಕೇಸರಿ ಚೆನ್ನಾಗಿದೆ, ಎಲ್ಲಿ ತಂದ್ರಿ ಅಂತ ಬೇರೆ ಕೇಳಿದ್ರು. ಮೂರು ಹೊತ್ತು ಲಿಂಗಪೂಜೆ ಮಾಡೋ ಮನುಷ್ಯ ಅವರು. ನನಗೆ ಆವತ್ತು ನೆಲ ಬಾಯಿ ಬಿಡಬಾರದಾ ಅನ್ನಿಸ್ತು ರೀ."

ಸಿದ್ಧಮಲ್ಲಪ್ಪನು ಕಾಫಿಲೋಟದಲ್ಲಿ ಮುಖ ಮರೆಸಿಕೊಂಡನು. ಅವಳು ಬಿಡಲಿಲ್ಲ. "ಒಂದು ಮಾತು ಹೇಳ್ತೀನಿ ಕೇಳಿ. ಭಾನುವಾರ ನಿಮ್ಮ ನೊಣಕ್ಕೆ ಒಂದಾದ್ರೂ ಮೀನು ಬಾಯಿ ಹಾಕ್ಲಿ. ಹಾಕಿದ್ರೆ ಮೇಜಿನ ತಂಟೆಗೆ ನಾನು ಬರಲ್ಲ, ಬೀಗರಿಗೆ ನೆಲದ ಮೇಲೇ ಎಲೆ ಹಾಕ್ತೀನಿ. ಹಾಕದೇ ಇದ್ರೆ ಪುಕ್ಕ ಗಿಕ್ಕ ಎಲ್ಲಾ ಎತ್ತಿಕೊಂಡು ಸ್ಕೂಟರ್ ಶೆಡ್ಡಿಗೆ. ಪಕ್ಕದ್ಮನೆ ಉತ್ತಯ್ಯನವರೇ ಸಾಕ್ಷಿ. ಅವರು ಸುಳ್ಳು ಹೇಳೋರಲ್ಲ."

ಆಗ ವೀರನ ಎದೆಯಲ್ಲಿ ಪ್ರಳಯಮೇಘಗಳು ಗುಡುಗಿದವು. 'ಎಲೌ ಗೃಹರಾಜ್ಯಲಕ್ಷ್ಮಿಯೇ, ಕೇಳು. ಕಾವೇರಿಯ ಮಡುಗಳಲ್ಲಿ ಮೀಸೆ ತಿರುವಿ ಮೆರೆಯುವ ಮಹಾಮತ್ಸ್ಯಗಳನ್ನು ನನ್ನ ಒಂದೇ ಒಂದು ಪುಕ್ಕದ ಕಂಪನದಿಂದ ಮರುಳುಗೊಳಿಸಿ, ಸೂರ್ಯನು ನೆತ್ತಿಗೇರುವ ಮುನ್ನವೇ ನಿನ್ನ ಪಂತವನ್ನು ಪುಡಿಗಟ್ಟದಿದ್ದರೆ ನಾನು ಸಿದ್ಧಮಲ್ಲಪ್ಪನೇ ಅಲ್ಲ!' ಎಂದು ಅವನು ಗರ್ಜಿಸಬೇಕೆಂದಿದ್ದನು. ಬಾಯಿಗೆ ಬಂದದ್ದು ಇಷ್ಟು.

"ಆಗ್ಲಿ ಬಿಡು. ಇನ್ನೊಂಚೂರು ಕಾಫಿ ಇದೆಯಾ?"

ಶನಿವಾರ ಬೆಳಗಾಯಿತು. ಸ್ನಾನ ಮುಗಿಸಿ, ವಿಭೂತಿ ಧರಿಸಿ, ಸಮೀಪದ ಕನ್ನಡಕವನ್ನೇರಿಸಿ, ವೀರನು ವೈಸಿನ ಮುಂದೆ ಆಸೀನನಾದನು. ಅಂದು ಅವನು ಕಟ್ಟಿದ ನೊಣದ ಸೊಬಗನ್ನು ಯಾವ ಬಾಯಿಂದ ಹೇಳಲಿ. ಕಪ್ಪು ರೇಷ್ಮೆಯ ಒಡಲು, ಅದರ ಮೇಲೆ ಬಂಗಾರದ ಜರಿಯ ಸುರುಳಿ, ಕೊರಳಿಗೆ ಕೆಂಪನೆಯ ಹುಂಜಪುಕ್ಕದ ಕಂಠಾಭರಣ. ಬಿಟ್ಟರೆ ಹಾರಿಯೇ ಹೋದೀತೆಂದು ಅವನೇ ಅರೆಗಳಿಗೆ ಉಸಿರು ಬಿಗಿಹಿಡಿದನು. ಇನ್ನು ಉಳಿದದ್ದು ದಾರದ ತುದಿ ಬಿಚ್ಚದ ಹಾಗೆ ನೊಣದ ತಲೆಗೆ ಒಂದು ಹನಿ ಅಂಟು. ಗುರುದತ್ತವಾದ ವಿಲಾಯಿತಿ ಕುಪ್ಪಿಯನ್ನು ಭಕ್ತಿಯಿಂದ ತೆಗೆದು ಮುಚ್ಚಳ ತಿರುವಿದನು. ತಿರುಗಲಿಲ್ಲ. ಇಕ್ಕಳದಿಂದ ತಿರುವಿದನು. ಮುಚ್ಚಳದ ಜತೆಗೆ ಅಂಟೂ ಗಟ್ಟಿ ಗುಂಡುಕಲ್ಲಾಗಿ ಹೊರಬಂದಿತು.

ಅಯ್ಯೋ ವಿಧಿಯೇ. ಆ ಅಂಟು ಕುಶಾಲನಗರದಲ್ಲಿ ಸಿಗುವುದಿಲ್ಲ, ಮೈಸೂರಿನಲ್ಲಿಯೂ ಸಿಗುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದರೆ ಮುಂದಿನ ಅಮಾವಾಸ್ಯೆಗೆ ಬಂದೀತು. ಆದರೆ ನಾಲೆಯ ಏರಿ ಒಡೆದಾಗ ಕೈಗೆ ಸಿಕ್ಕ ಸೊಪ್ಪುಸದೆ ತುರುಕಿ ನೀರು ನಿಲ್ಲಿಸಿದ ವಂಶ ಅದು, ಎದೆಗುಂದುವುದುಂಟೇ? ಮನೆಯೊಳಗಿರುವ ಸಮಸ್ತ ಅಂಟುಗಳನ್ನೂ ಜಯಿಸಿ ಕಪ್ಪ ಪಡೆಯುವೆನೆಂದು ವೀರನು ದಂಡಯಾತ್ರೆಗೆ ಹೊರಟನು.

ಮೊದಲು ಎದುರಾದದ್ದು ಮಗಳ ಶಾಲಾದಿನಗಳಿಂದ ಕಪಾಟಿನಲ್ಲಿ ಉಳಿದಿದ್ದ ಬಿಳಿಯ ಗೋಂದು. ಬಳಿದನು, ಒಣಗಿಸಿದನು, ಸ್ಟೀಲ್ ಲೋಟದ ನೀರಿನಲ್ಲಿ ಅದ್ದಿ ಪರೀಕ್ಷಿಸಿದನು. ಲೋಟದ ನೀರು ಹಾಲಾಯಿತು, ನೊಣವು ದಾರವಾಯಿತು.

ಎರಡನೆಯದು ಭಯಂಕರ. ಚಪ್ಪಲಿಯ ಬಾರನ್ನೂ ದೇವರಮನೆಯ ಮುರಿದ ಗಂಟೆಯ ಹಿಡಿಯನ್ನೂ ಕಣ್ಣುಮುಚ್ಚಿ ತೆರೆಯುವುದರೊಳಗೆ ಕೂಡಿಸಿದ ಖ್ಯಾತಿಯುಳ್ಳ, ಕ್ಷಣಮಾತ್ರಬಂಧಕವೆಂಬ ಹೆಸರಿಗೆ ತಕ್ಕ, ಕಿರುಬೆರಳಿನಷ್ಟೂ ಇಲ್ಲದ ಒಂದು ಟ್ಯೂಬು. ಅದರ ಮೂತಿಗೆ ಸೂಜಿ ಚುಚ್ಚಿ, ಹೊಸದಾಗಿ ಕಟ್ಟಿದ ನೊಣದ ತಲೆಯ ಮೇಲೆ ಹಿಡಿದು, ಉಸಿರು ಕಟ್ಟಿ, ಮೆಲ್ಲನೆ ಒತ್ತಿದನು. ಏನೂ ಬರಲಿಲ್ಲ. ಇನ್ನೂ ಒತ್ತಿದನು. ಒಮ್ಮೆಲೇ ಎಲ್ಲವೂ ಬಂದಿತು. ಒರೆಸಲು ಹೋದ ಹೆಬ್ಬೆರಳು ತೋರುಬೆರಳಿಗೆ ತಾಗಿದ್ದೇ ತಡ, ಆ ಎರಡೂ ಇನ್ನೆಂದಿಗೂ ಅಗಲೆವೆಂದು ಶಪಥ ಮಾಡಿದವು. ಎಡಗೈ ನೆರವಿಗೆ ಬಂದಿತು. ಅದರ ಬೆರಳುಗಳಿಗೂ ಅದೇ ಗತಿ. ಹೀಗೆ ಎರಡೂ ಕೈಗಳಲ್ಲಿ ಚಿನ್ಮುದ್ರೆ ತಾಳಿ, ಕಣ್ಣು ಮೇಲುಮಾಡಿ, ವೀರನು ಕುರ್ಚಿಯಲ್ಲಿ ಸ್ತಬ್ಧನಾಗಿ ಕುಳಿತಿರಲು, ಬಾಗಿಲಲ್ಲಿ ಪಕ್ಕದ ಮನೆಯ ಉತ್ತಯ್ಯನವರು ಕಾಣಿಸಿಕೊಂಡರು.

ಈ ಉತ್ತಯ್ಯನವರು ಸೈನ್ಯದಲ್ಲಿ ಸುಬೇದಾರರಾಗಿದ್ದವರು, ಮೀಸೆಗೆ ಇಂದಿಗೂ ಇಸ್ತ್ರಿ ಹಾಕಿದಂತಿರುವವರು, ರಾಗಿಮುದ್ದೆಯ ಗೋಲಿ ಕಟ್ಟಿ ನದಿಗೆಸೆದು ಬುಟ್ಟಿ ತುಂಬ ಮೀನು ತರುವವರು. ನಮ್ಮ ವೀರನಿಗೆ ಅವರು ಪ್ರಾಣಸ್ನೇಹಿತರು, ಸಿದ್ಧಾಂತದಲ್ಲಿ ಮಾತ್ರ ಬದ್ಧವೈರಿಗಳು. ಮುದ್ದೆ ಹಾಕಿ ಮೀನು ಹಿಡಿಯುವುದು ಲಂಚ ಕೊಟ್ಟು ಕೆಲಸ ಮಾಡಿಸಿದ ಹಾಗೆ, ಅದರಲ್ಲಿ ವಿದ್ಯೆಯಿಲ್ಲ ಎಂದು ಇವನು ವಾದಿಸುತ್ತಿದ್ದನು.

ಉತ್ತಯ್ಯನವರು ಹೊಸಿಲಲ್ಲೇ ಚಪ್ಪಲಿ ಬಿಟ್ಟು ಪಿಸುದನಿಯಲ್ಲಿ ಕೇಳಿದರು. "ಅಕ್ಕ, ಧ್ಯಾನಕ್ಕೆ ಕೂತಿದ್ದಾರಾ? ನಾನು ಆಮೇಲೆ ಬರ್ತೇನೆ."

"ಧ್ಯಾನ ಅಲ್ಲ ಉತ್ತಯ್ಯನವ್ರೇ, ಗಮ್ ಮೆತ್ಕೊಂಡು ಕೂತಿದಾರೆ," ಎನ್ನುತ್ತ ಸರ್ವಮಂಗಳಮ್ಮ ಬಿಸಿನೀರಿನ ಬೋಗುಣಿಯನ್ನೂ ಕೊಬ್ಬರಿ ಎಣ್ಣೆಯನ್ನೂ ತಂದಳು. ಬೆರಳನ್ನು ಬೆರಳಿಂದ ಬಿಡಿಸುವ ಆ ಸುದೀರ್ಘ ಸಂಧಾನದಲ್ಲಿ ಒಂದು ಚೂರು ಚರ್ಮ ಹುತಾತ್ಮವಾಯಿತು. ಉತ್ತಯ್ಯನವರು ಗಂಭೀರವಾಗಿಯೇ ಇದ್ದರು, ಮೀಸೆ ಮಾತ್ರ ಅಲುಗುತ್ತಿತ್ತು. "ಮೀನಿಗೆ ಹೊಟ್ಟೆ ಉಂಟು ಮಾರಾಯ್ರೇ," ಎಂದರು ಅವರು. "ಹೊಟ್ಟೆ ಇರೋನು ಪುಕ್ಕ ತಿಂತಾನಾ? ಒಂದು ಗೋಲಿ ಮುದ್ದೆ ಕೊಡಿ, ನಿಮ್ಮ ಮನೆ ಬಾಗಿಲಿಗೇ ಬರ್ತದೆ."

"ಮುದ್ದೆಯಿಂದ ಹಿಡಿಯೋದಾದ್ರೆ ಈ ಗಾಳದ ರಾಡು ಮುರಿದು ಒಲೆಗೆ ಹಾಕ್ತೀನಿ," ಎಂದನು ವೀರನು. ಈ ಮಾತನ್ನು ಕೇಳುಗರು ಸ್ವಲ್ಪ ನೆನಪಿಟ್ಟುಕೊಂಡಿರಬೇಕು.

ಮೂರನೆಯದು ಮಗಳ ಕಪಾಟಿನ ಅಡಿಯಲ್ಲಿ ಸಿಕ್ಕ ಉಗುರುಬಣ್ಣ. ತೋಟದ ಮ್ಯಾನೇಜರನೇ ಒಮ್ಮೆ, ಅಂಟು ಮುಗಿದರೆ ಹೆಂಗಸರ ಉಗುರುಬಣ್ಣವಾದರೂ ಆದೀತೆಂದು ಹೇಳಿದ್ದುಂಟು. ಆದರೆ ಅವನು ಹೇಳಿದ್ದು ಬಣ್ಣವಿಲ್ಲದ್ದು, ಇದು ಮಿನುಗುಪುಡಿ ಬೆರೆತ ಗುಲಾಬಿ. ಬಳಿದಾಗ ಹಿಡಿಯಿತು, ನೀರಿನಲ್ಲಿಯೂ ಬಿಡಲಿಲ್ಲ. ವೀರನು ಹಿಗ್ಗಿ ಹೀರೇಕಾಯಿಯಾಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದನು. ಥಳಥಳಿಸುವ ಗುಲಾಬಿ ಮೂತಿಯ ಆ ನೊಣವನ್ನು ಸರ್ವಮಂಗಳಮ್ಮ ದೂರದಿಂದಲೇ ಕಂಡು ಸೆರಗು ಬಾಯಿಗಿಟ್ಟುಕೊಂಡಳು. "ಇದನ್ನ ಮೀನು ತಿನ್ನಲ್ಲ ರೀ, ಆರತಿ ಎತ್ತುತ್ತೆ," ಎಂದಳು. ಅಷ್ಟೇ ಸಾಕಾಯಿತು. ಲೋಕದ ಯಾವ ಶಸ್ತ್ರಕ್ಕೂ ಬಗ್ಗದ ಅವನು ಅವಳ ಆ ನಗೆಗೆ ಬಗ್ಗಿಬಿಟ್ಟನು. ಗುಲಾಬಿ ನೊಣವನ್ನು ಕಿಟಕಿಯಾಚೆ ಎಸೆದು, ತಲೆಯ ಮೇಲೆ ಕೈಹೊತ್ತು ಕುಳಿತನು.

ಅವನ ಆ ಸಪ್ಪೆಮೋರೆ ನೋಡಿ ಅವಳಿಗೆ ಒಳಗೊಳಗೇ ಅಯ್ಯೋ ಎನ್ನಿಸಿತು. ಊಟಕ್ಕೆ ಬಡಿಸಿದಳು. ಬಿಸಿ ಮುದ್ದೆ, ಅವರೆಕಾಳಿನ ಸಾರು. ಉಂಡಾದ ಮೇಲೆ ಸಿಂಕಿನ ಮುಂದೆ ನಿಂತು ಮುದ್ದೆಯ ಪಾತ್ರೆಯನ್ನು ಕೆರೆಯುತ್ತ, ಯಾರಿಗೂ ಅಲ್ಲವೆಂಬಂತೆ ಗೊಣಗಿದಳು. "ಅಂಟು ಅಂಟು ಅಂತ ಊರೆಲ್ಲ ಹುಡುಕ್ತಾರೆ. ಈ ತಳ ಹಿಡಿದಿರೋ ರಾಗಿ ಕೆರೆದು ನೋಡ್ಲಿ, ಅಂಟು ಅಂದ್ರೇನು ಅಂತ ಗೊತ್ತಾಗುತ್ತೆ."

ಆ ಮಾತು ವೀರನ ಕಿವಿಗೆ ಬಿದ್ದ ಕ್ಷಣದಲ್ಲಿ ದೇವದುಂದುಭಿ ಮೊಳಗಿತೆಂದೇ ಹೇಳಬೇಕು. ಅವನು ದಿಗ್ಗನೆದ್ದು ಬಂದು, ಪಾತ್ರೆಯೊಳಗೆ ತಲೆ ಹಾಕಿ, ತಳ ಹಿಡಿದ ರಾಗಿಯನ್ನು ಉಗುರಿನಿಂದ ಕೆರೆದನು. ಬರಲಿಲ್ಲ. ಚಮಚದಿಂದ ಕೆರೆದನು. ಚಮಚ ಬಾಗಿತು. ಸೇತುವೆಗಳ ಗಾರೆಯನ್ನು ನೋಡಿ ಪಳಗಿದ ಕಣ್ಣುಗಳಲ್ಲಿ ನೀರೇ ಬಂದಿತು. ಹೆಂಡತಿ ಅತ್ತ ಮಲಗಲು ಹೋದದ್ದೇ ತಡ, ಪಾತ್ರೆಯನ್ನು ಮತ್ತೆ ಒಲೆಗೇರಿಸಿ, ಹಿಡಿ ರಾಗಿಹಿಟ್ಟು ಸುರಿದು, ಅದು ಕಪ್ಪಗೆ ಮಿರಮಿರ ಮಿಂಚುವ ಮೇಣವಾಗುವ ತನಕ ಕುದಿಸಿ, ಅದರಲ್ಲೊಂದು ಹನಿಯನ್ನು ಸೂಜಿಯ ತುದಿಯಲ್ಲೆತ್ತಿ ಹೊಸ ನೊಣದ ತಲೆಗೆ ಅಭಿಷೇಕ ಮಾಡಿದನು. ಒಂದು ಹನಿ ಸಾಲದೆನಿಸಿ ಇನ್ನೊಂದು, ಅದರ ಮೇಲೆ ಮತ್ತೊಂದು. ಬಿಸಿಲಿಗಿಟ್ಟನು. ಸಂಜೆಗೆ ಅದು ಕಲ್ಲಾಗಿತ್ತು. ದಾರ ಜಗ್ಗಿದರೂ ಅಲುಗಲಿಲ್ಲ.

ಲೋಟದ ನೀರಿನಲ್ಲಿ ಅದ್ದಿ ನೋಡಲಿಲ್ಲವೇ ಎಂದು ನೀವು ಕೇಳಬಹುದು. ನೋಡಲಿಲ್ಲ. ವಿಜಯದ ಅಮಲಿನಲ್ಲಿದ್ದನು. ಮುದ್ದೆಯ ಕುರಿತು ತಾನು ಬೆಳಿಗ್ಗೆ ಆಡಿದ ಮಾತು ನೆನಪಾಗಲಿಲ್ಲವೇ ಎಂದೂ ಕೇಳಬಹುದು. ಅವನ ಲೆಕ್ಕದಲ್ಲಿ ಉತ್ತಯ್ಯನವರು ಹಾಕುವುದು ಮುದ್ದೆ, ತಾನು ಹಚ್ಚಿದ್ದು ಅಂಟು. ಅವೆರಡೂ ಒಂದೇ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ.

ಭಾನುವಾರದ ಬೆಳಗು. ಕಾವೇರಿಯು ಬಂಡೆಗಳ ನಡುವೆ ಸದ್ದಿಲ್ಲದೆ ಹರಿಯುತ್ತಿದ್ದಳು. ಒಂದು ಬಂಡೆಯ ಮೇಲೆ ಸಾಕ್ಷಿಯಾಗಿ ಉತ್ತಯ್ಯನವರು ಕುಳಿತರು, ಇನ್ನೊಂದರ ಮೇಲೆ ಪ್ಯಾಂಟು ಮಡಿಸಿ ವೀರನು ನಿಂತನು. ರಾಡನ್ನು ಮುಗಿಲಿಗೆತ್ತಿ, ಹಿಂದಕ್ಕೆ ಬೀಸಿ, ಮುಂದಕ್ಕೆ ಬೀಸಿ, ನೂಲನ್ನು ಗಾಳಿಯಲ್ಲಿ ಸುರುಳಿ ಸುರುಳಿಯಾಗಿ ಆಡಿಸಿ, ನೊಣವನ್ನು ಹೂವಿನ ಹಾಗೆ ನೀರಿಗಿಳಿಸಿದನು. ಆ ಬೀಸಿನಲ್ಲಿ ಮಾತ್ರ ತಪ್ಪಿರಲಿಲ್ಲ, ಉತ್ತಯ್ಯನವರೂ ತಲೆದೂಗಿದರು.

ಬೆಳಕು ಏರಿತು. ಏನೂ ಆಗಲಿಲ್ಲ. ಇನ್ನೂ ಏರಿತು. ವೀರನ ಕಣ್ಣ ಮುಂದೆ ಸ್ಕೂಟರ್ ಶೆಡ್ಡು ಸುಳಿಯಿತು. ಕಿಟಕಿಯಿಲ್ಲ, ಪೆಟ್ರೋಲಿನ ವಾಸನೆ, ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ಮೇಜಿನಲ್ಲಿ ಕುಳಿತರೆ ಅಡುಗೆಮನೆ ಕಾಣುತ್ತದೆ. ಅವಳು ಒಗ್ಗರಣೆ ಹಾಕುತ್ತ ಇವನನ್ನು ಬೈಯುತ್ತಾಳೆ, ಇವನು ನೊಣ ಕಟ್ಟುತ್ತ ಹೂಂಗುಟ್ಟುತ್ತಾನೆ. ರಿಟೈರಾದಂದಿನಿಂದ ಅವನ ದಿನಗಳು ಕಳೆದದ್ದೇ ಹಾಗೆ. ಅದು ಹೋದರೆ ಉಳಿಯುವುದೇನು?

ಅಷ್ಟರಲ್ಲಿ ನೊಣದ ಸುತ್ತ ನೀರು ಕದಡಿತು. ಪುಡಿಮೀನುಗಳ ಒಂದು ಅಕ್ಷೌಹಿಣಿಯೇ ನೆರೆದು, ನೊಣದ ತಲೆಯನ್ನು ಮುತ್ತಿ ಕುಟುಕತೊಡಗಿತು. ನೂಲು ಅದುರಿತು. ವೀರನು ರಾಡೆತ್ತಿದನು. ಆಹಾ, ಏನೆಂದು ಬಣ್ಣಿಸಲಿ ಆ ಹೋರಾಟವನ್ನು! ಅವನು ಹಿಂದೆ ಸರಿದನು, ಮುಂದೆ ಬಾಗಿದನು, ಒಂದು ಕಾಲು ಜಾರಿ ಮೊಣಕಾಲುದ್ದ ನೀರಿಗಿಳಿದನು, ದೂರದ ಕನ್ನಡಕ ಕಾವೇರಿಯ ಪಾಲಾಯಿತು. ಕಡೆಗೆ ಕೊಕ್ಕೆಯು ನೀರಿನಿಂದ ಮೇಲೆದ್ದು ಸೂರ್ಯಪ್ರಕಾಶದಲ್ಲಿ ತೂಗಾಡಿತು. ಅದರ ತುದಿಯಲ್ಲಿ ಬೆಳ್ಳಗೆ ಪಟಪಟನೆ ಬಡಿದುಕೊಳ್ಳುತ್ತಿದ್ದ ಆ ಮಹಾಮತ್ಸ್ಯವು ಅವನ ಕಿರುಬೆರಳಿಗಿಂತ ತುಸು ಸಣ್ಣದಿತ್ತು.

"ಬಂತು," ಎಂದನು ವೀರನು. "ಬಂತು ಉತ್ತಯ್ಯನವ್ರೇ."

ಉತ್ತಯ್ಯನವರು ಎದ್ದು ಬಂದು ಮೀನನ್ನು ಬಿಡಿಸಿ ನೀರಿಗೆ ಹಾಕಿದರು. ಆಮೇಲೆ ಕೊಕ್ಕೆಯನ್ನು ಕಣ್ಣ ಬಳಿ ಹಿಡಿದರು. ಅದರಲ್ಲಿ ಪುಕ್ಕವಿರಲಿಲ್ಲ. ರೇಷ್ಮೆಯಿರಲಿಲ್ಲ. ತಲೆಯ ಅಂಟು ಕರಗಿದ್ದರಿಂದ ದಾರ ಬಿಚ್ಚಿಕೊಂಡು, ಕಂಠಾಭರಣವೂ ಜರಿಯ ಸುರುಳಿಯೂ ಕೆಳಹೊಳೆಯ ಕಡೆಗೆ ಸಾಲಾಗಿ ತೇಲಿಹೋಗುತ್ತಿದ್ದವು. ಬರಿಯ ಕೊಕ್ಕೆಯ ಮೇಲೆ ಕಂದು ಬಣ್ಣದ ಒಂದು ಚೂರು ಮಾತ್ರ ಉಳಿದಿತ್ತು. ಉತ್ತಯ್ಯನವರು ಅದನ್ನು ಮೂಸಿದರು, ಇನ್ನೊಮ್ಮೆ ಮೂಸಿದರು.

"ಮಲ್ಲಪ್ಪನವ್ರೇ, ಇದು ರಾಗಿ ಅಲ್ವಾ?"

ನಿನ್ನೆಯಿಂದ ಹೊಳೆಯದಿದ್ದದ್ದು ಈಗ ಒಟ್ಟಿಗೇ ಹೊಳೆದು ವೀರನ ಮುಖ ಇಂಗು ತಿಂದ ಮಂಗನಂತಾಗಿತ್ತು. ಉತ್ತಯ್ಯನವರು ಅವನ ಹೆಗಲ ಮೇಲೆ ಕೈಯಿಟ್ಟರು. "ಇರ್ಲಿ ಮಾರಾಯ್ರೇ, ರಾಡು ಮುರಿಯೋದೇನೂ ಬೇಡ. ಮೀನು ಬಂತು, ಅದನ್ನ ಕಣ್ಣಾರೆ ನೋಡಿದೆ. ಅಕ್ಕನಿಗೆ ನಾನು ಅಷ್ಟೇ ಹೇಳ್ತೇನೆ. ಅದರಲ್ಲಿ ಸುಳ್ಳೆಂತದು?"

ಮನೆಗೆ ಬಂದು ಅವರು ಹಾಗೆಯೇ ಹೇಳಿದರು. ಸರ್ವಮಂಗಳಮ್ಮ ಇಬ್ಬರ ಮುಖವನ್ನೂ ನೋಡಿದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ. "ಸರಿ ಬಿಡಿ," ಎಂದು ಸೆರಗು ಸಿಕ್ಕಿಸಿಕೊಂಡು ಅಟ್ಟದಿಂದ ಚಾಪೆಗಳನ್ನು ಇಳಿಸತೊಡಗಿದಳು. "ನೆಲದ ಮೇಲೇ ಎಲೆ ಹಾಕಿದ್ರಾಯ್ತು. ಬೀಗಿತ್ತಿಗೆ ಮಂಡಿನೋವು, ಹೇಗೋ ಒಂದು ದಿಂಬು ಕೊಟ್ಟು ಸುಧಾರಿಸೋಣ."

ಅವಳು ಸ್ಟೂಲಿನ ಮೇಲೆ ನಿಂತು, ಕೆಮ್ಮುತ್ತ, ಚಾಪೆಯ ಧೂಳು ಕೊಡವುತ್ತಿದ್ದಳು. ಗೆದ್ದ ಮೇಜಿನ ಮುಂದೆ ವೀರನು ನಿಂತಿದ್ದನು. ವೈಸು ಅಲ್ಲೇ ಇತ್ತು, ಕಿಟಕಿಯ ಬೆಳಕೂ ಇತ್ತು. ಸುಮ್ಮನಿದ್ದರೆ ಆಗಿತ್ತು. ಸುಮ್ಮನಿರಲು ಅವನಿಂದ ಆಗಲಿಲ್ಲ. ಇಡೀ ಕಥೆಯಲ್ಲಿ ಅವನು ಮಾಡಿದ ಶೌರ್ಯದ ಕೆಲಸವೆಂದರೆ ಇದೊಂದೇ.

"ಮಂಗಳಾ, ಇಳಿ ಕೆಳಗೆ. ಅದು ನೊಣಕ್ಕೆ ಬಂದದ್ದಲ್ಲ. ನಿನ್ನ ಮುದ್ದೆಗೆ ಬಂದದ್ದು."

"ಯಾವ ಮುದ್ದೆ?"

ಅವನು ಹೇಳಿದನು. ಪಾತ್ರೆ, ಹಿಡಿ ರಾಗಿಹಿಟ್ಟು, ಸೂಜಿಯ ತುದಿ, ಪಾತ್ರೆಯನ್ನು ಬಚ್ಚಿಟ್ಟ ಜಾಗ, ತೇಲಿಹೋದ ಪುಕ್ಕ, ಎಲ್ಲವನ್ನೂ ಹೇಳಿದನು. "ನೀನೇ ಗೆದ್ದೆ. ಇವೆಲ್ಲ ಈಗಲೇ ಶೆಡ್ಡಿಗೆ ಹಾಕ್ತೀನಿ. ಒಂದೇ ಬೇಜಾರು. ಅಲ್ಲಿ ಕೂತ್ರೆ ನನ್ನ ಬೈಯೋರು ಯಾರೂ ಇರಲ್ಲ."

ಉತ್ತಯ್ಯನವರು ಮೆಲ್ಲನೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಸರ್ವಮಂಗಳಮ್ಮ ಸ್ಟೂಲಿನಿಂದ ಇಳಿದು, ಅಡುಗೆಮನೆಯ ಮೂಲೆಯಲ್ಲಿ ಗೋಣಿಚೀಲದ ಹಿಂದೆ ಬಚ್ಚಿಟ್ಟಿದ್ದ ಪಾತ್ರೆಯನ್ನು ಹೊರಗೆಳೆದು ಅವನ ಮುಂದೆ ಇಟ್ಟಳು. "ನಿನ್ನೆಯಿಂದ ಹುಡುಕ್ತಿದ್ದೆ ಇದನ್ನ. ಮೊದಲು ಇದನ್ನ ಬೆಳ್ಳಗೆ ಮಾಡಿ. ಆಮೇಲೆ ಮೇಜಿನ ಮಾತು."

ಆಗ ಶುರುವಾಯಿತು ನೋಡಿ ನಿಜವಾದ ಸಮರ. ಕಾವೇರಿಯ ತಣ್ಣೀರು ಸೋಕಿದ ಮಾತ್ರಕ್ಕೆ ಶರಣಾಗತವಾಗಿದ್ದ ಆ ರಾಗಿಯು ಪಾತ್ರೆಯ ತಳದಲ್ಲಿ ವಜ್ರಕಾಯವಾಗಿ ಕುಳಿತಿತ್ತು. ತೆಂಗಿನ ನಾರಿನಿಂದ ತಿಕ್ಕಿದನು. ಸ್ಟೀಲ್ ಸ್ಕ್ರಬ್ಬರಿನಿಂದ ತಿಕ್ಕಿದನು. ಉಳಿ ತರಲು ಎದ್ದನು.

"ಎಲ್ಲಿಗೆ?" ಎಂದಳು ಅವಳು.

"ಉಳಿ ತರ್ತೀನಿ. ಇಂಥಾ ಅಂಟು ಲೋಕದಲ್ಲೇ ಇಲ್ಲ ಕಣೆ. ಹೊಳೆಯಲ್ಲಿ ಮಾತ್ರ ಹೇಗೆ ಬಿಡ್ತೋ, ಒಂದೂ ಅರ್ಥ ಆಗ್ತಿಲ್ಲ."

ಸರ್ವಮಂಗಳಮ್ಮ ಹಣೆ ಚಚ್ಚಿಕೊಂಡಳು. "ಜೀವಮಾನವೆಲ್ಲ ನೀರು ಅಳೆದಿರಿ. ಅದರೊಳಗೆ ನೀರು ಹಾಕಿ ನೆನೆಯಕ್ಕೆ ಬಿಡಿ, ಬೆಳಿಗ್ಗೆ ತಾನಾಗೇ ಬಿಡುತ್ತೆ. ಆ ವೈಸು ಗೀಸು ಇವತ್ತು ಎತ್ತಿ ಕಪಾಟಿನಲ್ಲಿಡಿ. ಮಂಗಳವಾರ ಮತ್ತೆ ಅಲ್ಲೇ ಕೂತ್ಕೊಳ್ಳಿ, ಕೆಳಗೊಂದು ಪೇಪರ್ ಹಾಸ್ಕೊಂಡು. ಪಾಯಸಕ್ಕೆ ನಾನೊಂದು ಮುಚ್ಚಳ ಮುಚ್ತೀನಿ."

ಇಂತು ಮೇಜಿನ ಮಹಾಯುದ್ಧವು ಒಂದು ಹಳೆಯ ಪೇಪರು ಮತ್ತು ಒಂದು ಮುಚ್ಚಳದಿಂದ ಸಮಾಪ್ತವಾಯಿತು. ಇದನ್ನು ಓದಿದವರ ಮನೆಯ ಮುದ್ದೆ ತಳ ಹಿಡಿಯದಿರಲಿ, ಕೇಳಿದವರ ಪಾಯಸದಲ್ಲಿ ಬರಿಯ ಕೇಸರಿಯೇ ಇರಲಿ. ಸಿದ್ಧಮಲ್ಲಪ್ಪನು ನಲ್ಲಿ ತಿರುಗಿಸಿ, ಪಾತ್ರೆಯ ತುಂಬ ನೀರು ಹಿಡಿದು, ಸಿಂಕಿನ ಪಕ್ಕದಲ್ಲಿಟ್ಟು, ಕೈ ಒರೆಸಿಕೊಂಡನು.